ಮೂರು ಊರಿನ ಬಿಲ್ಲೆ

ಬಸು ಕಾಕಾ,

ಈ ಕಾಗದ ನಿಮಗೆ ಮುಟ್ಟುವುದಿಲ್ಲ ಅಂತ ಗೊತ್ತು. ಆದರೂ ನೀವೇ ಓದಬೇಕು. ಕ್ಷೇಮದ ಮಾತು ಆಮೇಲೆ ಬರೆಯುತ್ತೇನೆ, ಈಗ ಹೊಟ್ಟೆಯಲ್ಲಿ ಬರೀ ಸಿಟ್ಟಿದೆ.

ಹೋದ ಸೋಮವಾರ ಗೋಕಾಕದಲ್ಲಿ ಒಂದು ಸಭೆಯಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಿನ ಸಾಹೇಬರು ಕೂಡಿ ರಸ್ತೆಯ ಹೊಗೆ ಕಡಿಮೆ ಮಾಡಬೇಕು, ಜನ ಸುಲಭವಾಗಿ ಓಡಾಡಬೇಕು, ಅದಕ್ಕೊಂದು ದಾರಿ ಹುಡುಕಬೇಕು ಅಂತ. ಆ ದಾರಿ ಹುಡುಕುವವರು ಹೇಗೆ ಬಂದರು ಗೊತ್ತೇ ಕಾಕಾ? ಒಬ್ಬೊಬ್ಬರು ಒಂದೊಂದು ಜೀಪಿನಲ್ಲಿ. ಜೀಪು ನಿಲ್ಲಿಸಲು ಜಾಗ ಸಾಲಲಿಲ್ಲ ಅಂತ ಬಸ್ ಸ್ಟ್ಯಾಂಡ್ ಬಾಜೂಕಿನ ನಿಮ್ಮ ಮೂಲೆಯ ಬಾಡಿಗೆ ಸೈಕಲ್ಲುಗಳನ್ನು ಎತ್ತಿ ಗಟಾರದ ದಂಡೆಗೆ ಒಂದರ ಮೇಲೊಂದು ಒಗೆದರು. ನೀವು ಹೋಗಿ ಎಂಟು ತಿಂಗಳಾದರೂ ಗಂಗಕ್ಕ ಕಾಕಿ ದಿನಾ ಒರೆಸಿ ಇಡುತ್ತಿದ್ದ ಸೈಕಲ್ಲುಗಳು ಅವು. ಕಾಕಿ ಪಂಪು ಕೈಯಲ್ಲಿ ಹಿಡಿದು ನಿಂತಿದ್ದರು.

ನಾನು ಮೊದಲ ಸಲ ನಿಮ್ಮ ಮೂಲೆಗೆ ಬಂದ ದಿನ ನೆನಪಿದೆಯೇ? ಅಳುತ್ತಿದ್ದೆ. ಫಾಲ್ಸ್ ರಸ್ತೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿ ಮೂರು ದಿನವಾಗಿತ್ತು, ಮೂರೂ ದಿನ ತಡ. ಮೂಡಲಗಿಯಿಂದ ಬಸ್ಸು ಗೋಕಾಕಕ್ಕೆ ಬರುವ ಹೊತ್ತಿಗೆ ಫಾಲ್ಸ್ ಕಡೆಯ ಬಸ್ಸು ಹೋಗಿರುತ್ತಿತ್ತು, ಆಟೋ ತುಂಬುವ ತನಕ ಹೊರಡುತ್ತಿರಲಿಲ್ಲ. ನೀವು ಯಾಕೆ ಅಳುತ್ತೀ ಅಂತ ಕೇಳಲಿಲ್ಲ. "ಸೈಕಲ್ ಹೊಡಿಯಾಕ ಬರತೈತೇನು ತಂಗಿ?" ಅಂದಿರಿ. ಬರುತ್ತದೆ ಅಂದೆ. "ಮತ್ತ ಅಳಾಕ ಏನೈತಿ?" ಅಂದಿರಿ.

ಆವತ್ತೇ ಬಿಲ್ಲೆಯ ಲೆಕ್ಕ ಹೇಳಿಕೊಟ್ಟಿರಿ. ನಮ್ಮೂರಿನಿಂದ ಮೂಡಲಗಿಯ ತನಕ ನನ್ನ ಸೈಕಲ್ಲಿನಲ್ಲಿ ಬರುವುದು. ಅದನ್ನು ಸಿದ್ದಪ್ಪ ಮಾಮಾನ ಪಂಕ್ಚರ್ ಅಂಗಡಿಯ ಮುಂದೆ ಬಿಟ್ಟು, ಅವನಿಂದ ಒಂದು ತಗಡಿನ ಬಿಲ್ಲೆ ತೆಗೆದುಕೊಳ್ಳುವುದು. ಬಸ್ಸು ಹತ್ತಿ ಗೋಕಾಕಕ್ಕೆ ಬಂದು ಆ ಬಿಲ್ಲೆಯನ್ನು ನಿಮ್ಮ ಕೈಗೆ ಹಾಕಿದರೆ ಇಲ್ಲೊಂದು ಸೈಕಲ್ಲು. ಅದು ಗೋಕಾಕದಿಂದ ಮೂಡಲಗಿಗೆ ದುಡಿಯಲು ಹೋದ ಯಾರದ್ದೋ. ಅವರು ಅಲ್ಲಿ ನನ್ನದನ್ನು ತುಳಿಯುತ್ತಿರುತ್ತಾರೆ. ಹುಕ್ಕೇರಿಯಲ್ಲಿ ಮೆಹಬೂಬ ಚಾಚಾನ ಅಂಗಡಿಯಲ್ಲೂ ಅದೇ ಬಿಲ್ಲೆ. ಸಂಜೆ ಉಳಿದ ಬಿಲ್ಲೆಗಳು ಕಂಡಕ್ಟರನ ಕೈಯಲ್ಲಿ ತಂಬಾಕಿನ ಡಬ್ಬಿಯೊಳಗೆ ತಮ್ಮ ತಮ್ಮ ಊರಿಗೆ ವಾಪಸು. ಯಾವ ಸಾಹೇಬರು ಸಹಿ ಹಾಕಿದ್ದರು ಇದಕ್ಕೆ?

ನನ್ನ ಸೈಕಲ್ಲಿನ ಸೀಟಿನ ಬಗ್ಗೆ ನಾನು ದಿನಾ ಜಗಳ ತೆಗೆಯುತ್ತಿದ್ದೆ, ನೀವು ನಗುತ್ತಿದ್ದಿರಿ. ಸಂಜೆ ಮೂಡಲಗಿಗೆ ಹೋದರೆ ಸೀಟು ಒಂದು ಗೇಣು ಮೇಲಿರುತ್ತಿತ್ತು. ಯಾರೋ ಎತ್ತರದ ಮನುಷ್ಯ. ಇಳಿಸಿ ಇಡಬೇಕು ಅಂತ ಗೊತ್ತಾಗುವುದಿಲ್ಲವೇ ಅಂತ ನಾನು, "ಗಾಳಿ ತುಂಬಿ ಇಟ್ಟಾನೋ ಇಲ್ಲೋ ಅದನ್ನ ನೋಡವಾ" ಅಂತ ನೀವು. ಗಾಳಿ ಯಾವತ್ತೂ ತುಂಬಿರುತ್ತಿತ್ತು. ಆ ಮನುಷ್ಯನ ಮುಖ ನಾನು ಒಮ್ಮೆಯೂ ನೋಡಲಿಲ್ಲ.

ಬಿಲ್ಲೆಗಳ ಮೇಲಿನ ಬಣ್ಣ ಹಾರಿದಾಗ ಅಕ್ಷರ ಬರೆಯಲು ನನ್ನನ್ನು ಕೂರಿಸಿದ್ದಿರಿ. ಏಳನೇ ತರಗತಿಗೇ ಬಿಟ್ಟವಳು ನಾನು, ಬರೀ ಏಳನೇತ್ತಾ. ಹೈಸ್ಕೂಲು ಮೂಡಲಗಿಯಲ್ಲಿತ್ತು, ಸಾಲಿ ಬಿಡುವುದು ಐದಕ್ಕೆ, ನಮ್ಮೂರಿನ ಕೊನೆಯ ಬಸ್ಸು ಹೊರಡುವುದು ನಾಲ್ಕೂವರೆಗೆ, ಆಗ ನನಗೆ ಸೈಕಲ್ಲಿರಲಿಲ್ಲ. ಅಷ್ಟೇ, ಅಷ್ಟಕ್ಕೇ ನನ್ನ ಸಾಲಿ ಮುಗಿಯಿತು. ಆ ಅರ್ಧ ತಾಸು ಯಾರ ಕೈಯಲ್ಲಿತ್ತು ಅಂತ ಇವತ್ತಿಗೂ... ನೀವು ನನ್ನ ಅಕ್ಷರ ನೋಡಿ, "ಇಷ್ಟ ಚಂದ ಬರೀತಿ, ಬಿಲ್ಲೆ ಮ್ಯಾಲ ಅಷ್ಟ ಯಾಕ? ಹಾಳಿ ಮ್ಯಾಲೂ ಬರಿ" ಅಂದಿರಿ. ಅಂದಿನಿಂದ ಬರೆಯುತ್ತಿದ್ದೇನೆ.

ನೀವು ಟ್ಯೂಬಿಗೆ ಗಾಳಿ ಹೊಡೆಯುತ್ತಲೇ ಎದೆ ಹಿಡಿದು ಕೂತ ಆ ದಿನದಿಂದ ಬಿಲ್ಲೆ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ, ತಾನೇ ನಿಂತಿತು. ಜನ ತಮ್ಮ ತಮ್ಮ ಸೈಕಲ್ಲು ಒಯ್ದರು. ನಾನು ಮತ್ತೆ ಓಡುತ್ತ ಹೋಗಿ ಮತ್ತೆ ತಡವಾದೆ. ಇನ್ನೊಂದು ತಿಂಗಳು ಹೀಗೇ ಆದರೆ ಬೇರೆ ಕಡೆ ನೋಡಿಕೋ ಅಂತ ಅಂಗಡಿಯ ಮಾಲಕರು ಹೇಳಿಬಿಟ್ಟರು. ಅದಕ್ಕೇ ಆ ಸಭೆಗೆ ಹೋದೆ ಕಾಕಾ. ನಮ್ಮ ಬಸ್ಸಿನ ಹೆಣ್ಣುಮಕ್ಕಳೆಲ್ಲ ನೀನೇ ಹೇಳು, ನಿನಗೆ ಬರೆಯಲು ಬರುತ್ತದೆ ಅಂತ ದೂಡಿದರು. ಚೀಲದಲ್ಲಿ ಮೂರು ಬಿಲ್ಲೆ ಇಟ್ಟುಕೊಂಡು ಹೋದೆ.

ಮೊದಲ ಒಂದು ತಾಸು ಬ್ಯಾನರಿನ ಮೇಲೆ ಯಾವ ಊರಿನ ಹೆಸರು ಮೊದಲು ಬರಬೇಕು ಅನ್ನುವುದೇ ನಡೆಯಿತು. ಒಬ್ಬರಿಗೆ ತಮ್ಮ ಊರು ದೊಡ್ಡದು, ಒಬ್ಬರಿಗೆ ತಮ್ಮದು ಹಳೆಯದು, ಒಬ್ಬರಿಗೆ ತಮ್ಮದು ಹೊಸ ತಾಲೂಕು. ಆಮೇಲೆ ದೂರದ ಯಾವುದೋ ಪಟ್ಟಣಕ್ಕೆ ಹೋಗಿ ಅಲ್ಲಿ ಹೇಗೆ ಮಾಡಿದ್ದಾರೆ ನೋಡಿ ಬರೋಣ ಅಂತ ಠರಾವು. ನಾನು ಎದ್ದು ನಿಂತೆ. ಚೀಲದಿಂದ ಬಿಲ್ಲೆ ತೆಗೆದು ಹಿಡಿದೆ. ನಮ್ಮಲ್ಲೇ ಒಂದು ಪದ್ಧತಿ ಇತ್ತು ರೀ ಅಂತ ಶುರು ಮಾಡಿದೆ. ಮುಂದೆ ಕೂತ ಒಬ್ಬರು ಕೇಳಿದರು, "ಎಷ್ಟನೇತ್ತಾ ಕಲತೀಯವಾ?"

"ಏಳನೇತ್ತಾ ರೀ."

"ಕುಂದರು. ಚಾ ಬರಾಕತ್ತೈತಿ, ಕುಡದ ಹೋಗು."

ನಾನು ಕೂತೆ. ಕಾಕಾ, ಅವರ ಮೇಲೆ ಬಂದ ಸಿಟ್ಟು ಒಂದು ಪಾಲು, ಕೂತೆನಲ್ಲ, ಅದರ ಸಿಟ್ಟು ಮೂರು ಪಾಲು. ಚಹಾ ಕುಡಿಯಲಿಲ್ಲ ಅಂತ ಹೇಳಿಕೊಂಡರೆ ಏನು ಬಂತು? ಹೊರಗೆ ಬಂದರೆ ನಿಮ್ಮ ಸೈಕಲ್ಲುಗಳು ಗಟಾರದ ದಂಡೆಯಲ್ಲಿ. ಇನ್ನು ಮುಂದೆ ಆ ಮೂಲೆ ಗಾಡಿ ನಿಲ್ಲಿಸಲು ಬೇಕಂತೆ.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಹುಕ್ಕೇರಿಯ ಬಸ್ಸು ಹತ್ತಿದೆ. ಇಷ್ಟು ವರ್ಷ ಆ ಊರಿನ ಬಿಲ್ಲೆಗೆ ಬಣ್ಣ ಬಳಿದವಳು, ಮೆಹಬೂಬ ಚಾಚಾನನ್ನು ನೋಡಿರಲಿಲ್ಲ. ಕೇಳುತ್ತ ಹೋಗಿ ಅವನ ಮುಂದೆ ಬಿಲ್ಲೆ ಇಟ್ಟೆ. ಅವನು ಅದನ್ನು ತಿರುವಿ ನೋಡಿ, ದುಡ್ಡಿನ ಗಲ್ಲೆಯ ಖಾನೆ ಎಳೆದ. ಒಳಗೆ ನಮ್ಮ ಬಿಲ್ಲೆಗಳೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದವು.

"ಬಸು ಹ್ವಾದ ಮ್ಯಾಲ ಇದು ನಡೀತೈತೇನು ಅಂತ ಕೇಳಾಕ ಒಬ್ಬರೂ ಬರಲಿಲ್ಲ ಬೇಟಿ. ಬಂದಿದ್ರ ನಾ ಇಲ್ಲ ಅಂತಿದ್ನ್ಯಾ?"

ಎಂಟು ತಿಂಗಳು. ಆ ಸಂಜೆ ಕೇಳಿದರೆ ಮೂಡಲಗಿಯ ಸಿದ್ದಪ್ಪ ಮಾಮಾನೂ ಹಾಗೆಯೇ ಖಾನೆಯಲ್ಲಿಟ್ಟುಕೊಂಡು ಹುಕ್ಕೇರಿಯವರು ಏನನ್ನುತ್ತಾರೋ ಅಂತ ಕಾಯುತ್ತ ಕೂತಿದ್ದ. ಅವನು ಇವನನ್ನು ನೋಡಿಲ್ಲ, ಇವನು ಅವನನ್ನು ನೋಡಿಲ್ಲ, ನಡುವೆ ನೀವೊಬ್ಬರೇ. ನಿಮ್ಮ ಮೇಲೂ ಸಿಟ್ಟು ಬಂತು ಕಾಕಾ. ಇದ್ದಾಗ ಒಂದು ದಿನ ಇಬ್ಬರನ್ನೂ ಕೂಡಿಸಲು ಏನಾಗಿತ್ತು ನಿಮಗೆ? ಜೀಪಿನಲ್ಲಿ ಬಂದವರು ಪಕ್ಕದವರನ್ನು ಕೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲು ಇನ್ನೊಬ್ಬರು ಕೇಳಲಿ ಅಂತ ಎಲ್ಲರೂ ಕಾಯುತ್ತ ಕೂತೆವು.

ನಾನೇ ಕರೆದೆ, ರವಿವಾರ ಇಬ್ಬರೂ ನಿಮ್ಮ ಮನೆಗೆ ಬಂದಿದ್ದರು. ಕಾಕಿ ಹಿತ್ತಲಿನ ಕಟ್ಟಿಗೆ ರಾಶಿ ತೆಗೆಸಿ ಸೈಕಲ್ಲುಗಳನ್ನು ಅಲ್ಲಿಗೆ ತರಿಸಿದ್ದರು. ಬಸ್ ಸ್ಟ್ಯಾಂಡಿನಿಂದ ಒಂದು ಓಣಿ ದೂರ, ಅಷ್ಟೇ. ಚಾಚಾ ಸಿದ್ದಪ್ಪ ಮಾಮಾನನ್ನು ಬಹಳ ಹೊತ್ತು ನೋಡಿ, "ಇಷ್ಟ ವರ್ಷ ನಿನ್ನ ಬಿಲ್ಲೆ ನೋಡೀನಿ, ಮಾರಿ ನೋಡಿದ್ದಿಲ್ಲ" ಅಂದ. "ಬಿಲ್ಲೆನ ಚಂದ ಇತ್ತು ಅನಸ್ತೈತಿ?" ಅಂದ ಮಾಮಾ. ಕಾಕಿ ನಕ್ಕರು. ನೀವು ಹೋದ ಮೇಲೆ ಅವರು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಇಬ್ಬರೂ ಕೂತು ಸ್ಪೋಕ್ ನೆಟ್ಟಗೆ ಮಾಡಿದರು. ನಾನು ಬಿಲ್ಲೆಗಳಿಗೆ ಹೊಸ ಬಣ್ಣ ಬಳಿದೆ.

ಮುಂದಿನ ಸಭೆ ಹುಕ್ಕೇರಿಯಲ್ಲಂತೆ. ಹೋಗುತ್ತೇನೆ. ಹೇಳಬೇಕಾದದ್ದನ್ನು ಹಾಳೆಯ ಮೇಲೆ ಬರೆದುಕೊಂಡಿದ್ದೇನೆ, ಓದಿ ಮುಗಿಸುವ ತನಕ ಕೂರುವುದಿಲ್ಲ. ಏಳನೇತ್ತಾ ಅಂತ ನಾನೇ ಮೊದಲು ಹೇಳುತ್ತೇನೆ, ಯಾಕೆ ಏಳನೇತ್ತಾ ಅಂತಲೂ ಹೇಳುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಆ ದಿನದ ತನಕ ಇರಲಿ.

ನಿನ್ನೆಯಿಂದ ಬಿಲ್ಲೆ ಮತ್ತೆ ಶುರುವಾಯಿತು, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಿದೆ. ಸಂಜೆ ಮೂಡಲಗಿಯಲ್ಲಿ ಇಳಿದು ನನ್ನ ಸೈಕಲ್ಲು ಹತ್ತಲು ಹೋದರೆ ಕಾಲು ಪೆಡಲ್ಲಿಗೆ ಮುಟ್ಟಲಿಲ್ಲ. ಸೀಟು ಒಂದು ಗೇಣು ಮೇಲಿತ್ತು. ಟಾಯರು ಒತ್ತಿ ನೋಡಿದೆ, ಗಾಳಿ ತುಂಬಿತ್ತು. ಸೀಟು ಇಳಿಸಲು ಮನಸ್ಸಾಗಲಿಲ್ಲ ಕಾಕಾ. ಊರ ತನಕ ನಿಂತೇ ತುಳಿದೆ.

ನಿಮ್ಮ ಅಕ್ಷರದ ಹುಡುಗಿ,
ಸವಿತಾ