ಪುಟ್ಟಿಯ ಮೂಗು

ಪ್ರೀತಿಯ ಅಣ್ಣಾ,

"ಕೆರೆ ನಾರೋದು ನಿಂತೋಯ್ತು ಕಣೇ, ದಿನಾ ದೋಣೀಲಿ ಹೋಗಿ ಜೊಂಡು ಕಿತ್ತಿದ್ದು ಸಾರ್ಥಕ" ಎಂದು ಫೋನಿನಲ್ಲಿ ನಕ್ಕೆಯಲ್ಲ, ನಿನ್ನ ನಗು ಕೇಳಿ ಎಷ್ಟು ಕಾಲವಾಗಿತ್ತು!

ನೀನು ಕಳಿಸಿದ ಕೆರೆನೀರಿನ ಬಾಟಲಿಯನ್ನು ಇಂದು ನಮ್ಮ ಲ್ಯಾಬಿನಲ್ಲಿ ತೆರೆದೆ. ಕೊಳೆತ ಮೊಟ್ಟೆಯ ನಾತಕ್ಕೆ ಪಕ್ಕದ ಕೋಣೆಯವರೂ ಹೊರಗೋಡಿದರು. ನೀರಿನಲ್ಲಿ ಆಮ್ಲಜನಕವೇ ಇಲ್ಲ. ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮಾತ್ರ ಕೊಬ್ಬಿವೆ, ನಾರುವ ಆ ವಿಷಗಾಳಿ ಅವುಗಳದ್ದೇ. ದಿನಾ ಅದನ್ನೇ ಉಸಿರಾಡಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಕೆರೆ ಹಾಗೇ ಇದೆ ಅಣ್ಣಾ, ಸತ್ತಿರುವುದು ನಿನ್ನ ಮೂಗು.

ನಾಳೆ ದೋಣಿ ಇಳಿಸಬೇಡ. ಮನೆಯೂ ಕೆರೆ ದಂಡೆಯಲ್ಲೇ ಇದೆ, ಅತ್ತಿಗೆಗೂ ವಾಸನೆ ತಿಳಿಯುತ್ತಿಲ್ಲ ಎಂದೆಯಲ್ಲ. ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ಗ್ಯಾಸ್ ಸೋರಿದರೂ ನಿಮಗೆ ತಿಳಿಯದು, ಒಲೆ ಆಫ್ ಆಗಿದೆಯೇ ಎಂದು ಕಣ್ಣಿಂದಲೇ ನೋಡಿಕೊಳ್ಳಿ.

ನಿನ್ನ ಮಗಳು ಪುಟ್ಟಿಯನ್ನು ಸ್ವಲ್ಪ ದಿನ ನನ್ನ ಹತ್ತಿರ ಬಿಡು. ಊಟಕ್ಕೆ ಕೂತಾಗಲೂ ಮೂಗು ಮುಚ್ಚಿಕೊಳ್ಳುತ್ತಾಳೆ, ಬರೀ ನಾಟಕ ಎಂದು ಬೈದೆಯಂತೆ. ಬೈಯಬೇಡ. ಆ ಮನೆಯಲ್ಲಿ ಇನ್ನೂ ಜೀವವಿರುವ ಮೂಗು ಅದೊಂದೇ.

ನಿನ್ನ ತಂಗಿ