ಬಾಯ್ಲರ್ ಮನೆಯ ಪೆಟ್ಟಿಗೆ

ಮಾರ್ಚ್ ೧೪, ೧೯೮೬

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಯಜಮಾನರ ಫೋಟೋವನ್ನು ಗೋಡೆಯಿಂದ ಇಳಿಸಿ ಟ್ರಂಕಿಗೆ ಹಾಕಿದೆಯಂತೆ, ಅಮ್ಮ ಹೇಳಿದಳು. ಬಾಯ್ಲರ್ ಮುಂದೆ ನಿದ್ದೆ ಹೋದರೆಂದು ವಿಚಾರಣೆಯವರು ಬರೆದದ್ದನ್ನು ನೀನೂ ನಂಬಿಬಿಟ್ಟೆ. ಅದಕ್ಕೇ ಈ ಪತ್ರ.

ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ, ಬಾಯ್ಲರಿನ ಒತ್ತಡವನ್ನು ಯಾವುದರಲ್ಲಿ ದಾಖಲಿಸಿಡಬೇಕು ಎಂದು ಆರಿಸುವ ಕೆಲಸ ನನ್ನದಾಯಿತು. ಒಂದು ಫ್ಲಾಪಿ. ಆ ಕರಿ ಚೌಕದಿಂದ ನೀನು ಗಾಳಿ ಬೀಸಿಕೊಂಡಿದ್ದೆಯಲ್ಲ, ಅದೇ. ಇನ್ನೊಂದು ಬಬಲ್ ಮೆಮೊರಿ ಎಂಬ ಗಟ್ಟಿ ಪೆಟ್ಟಿಗೆ. ಒಳಗೆ ತಿರುಗುವ ಭಾಗವೇ ಇಲ್ಲ. ಧೂಳಿಗೂ ಅದುರಾಟಕ್ಕೂ ಜಗ್ಗದು, ಕರೆಂಟು ಹೋದರೂ ಬರೆದದ್ದು ಅಳಿಯದು. ಆದರೆ ನಿಧಾನ, ದುಬಾರಿ ಬೇರೆ. ಎರಡನ್ನೂ ನನ್ನ ಕೋಣೆಯಲ್ಲೇ, ಚಪ್ಪಲಿ ಹೊರಗೆ ಬಿಟ್ಟು, ಎಸಿ ಹಾಕಿಕೊಂಡು ಪರೀಕ್ಷಿಸಿದೆ. ಫ್ಲಾಪಿ ಗೆದ್ದಿತು. ಕಲ್ಲಿದ್ದಲ ಪುಡಿ ಹಾರುವ ಬಾಯ್ಲರ್ ಮನೆಗೆ ಒಮ್ಮೆಯೂ ಕಾಲಿಡಲಿಲ್ಲ. ಅಕ್ಕಾವ್ರೇ, ನಿಮ್ಮ ಫ್ಲಾಪಿಗೆ ಧೂಳು ಆಗಲ್ಲ, ಒಂದು ಮುಸುಕಾದರೂ ಹೊಲಿಸಿ ಎಂದು ನಿನ್ನ ಯಜಮಾನರು ರೇಗಿಸುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ.

ಮಾದರಿಗೆಂದು ತರಿಸಿದ್ದ ಒಂದು ಪೆಟ್ಟಿಗೆಯನ್ನು ಮೆಕ್ಯಾನಿಕ್ ಬಾಯ್ಲರ್ ಮನೆಯ ಕಂಪ್ಯೂಟರಿಗೂ ಜೋಡಿಸಿದ್ದ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ನಿನ್ನ ಯಜಮಾನರು ಟೈಪ್ ಮಾಡಿದ್ದು ಫ್ಲಾಪಿಗೂ ಅದಕ್ಕೂ ಹೋಗುತ್ತಿತ್ತು. ಫ್ಲಾಪಿ ಗೆದ್ದ ಮೇಲೆ ಪೆಟ್ಟಿಗೆಯನ್ನು ಬಿಚ್ಚಿಸಿ ಎಂದು ಮೇಲಿನವರು ಹೇಳಿದರು. ಬಿಚ್ಚಿಸಿದ್ದೇನೆಂದು ಸಹಿ ಹಾಕಿದೆ. ಬಿಚ್ಚಿಸಿರಲಿಲ್ಲ, ಆ ಮಸಿಯೊಳಗೆ ಯಾರು ಹೋಗುತ್ತಾರೆ ಎಂಬ ಸೋಮಾರಿತನ.

ಬಾಯ್ಲರ್ ಒಡೆದ ಮೇಲೆ ನೋಡಿದರೆ ಫ್ಲಾಪಿಯ ತುಂಬ ಮಸಿಯ ಗೀರು, ಒಂದಕ್ಷರವೂ ಓದಲಾಗಲಿಲ್ಲ. ದಾಖಲೆಯಿಲ್ಲ, ಹಾಗಾದರೆ ನಿದ್ದೆ ಹೊಡೆದಿದ್ದಾನೆ ಎಂದರು ವಿಚಾರಣೆಯವರು. ಸತ್ತವರ ತಲೆಗೆ ಕಟ್ಟಿದರೆ ಎದುರಾಡುವವರು ಯಾರು? ಆ ಸಭೆಯಲ್ಲಿ ನಾನೂ ಇದ್ದೆ. ಬರೆದದ್ದು ಮಸಿಗೆ ಅಳಿದಿರಬಹುದು, ಆ ಫ್ಲಾಪಿ ಆರಿಸಿದ್ದು ನಾನೇ ಎನ್ನಲು ನನಗೆ ಬಾಯಿ ಬರಲಿಲ್ಲ.

ಪೆಟ್ಟಿಗೆ ಉಳಿದಿದೆ, ಪುಟ್ಟಿ. ಒಂದು ಮೂಲೆ ನುಜ್ಜಾಗಿದೆ, ಅಷ್ಟೆ. ಅದರಲ್ಲಿ ಅವರು ಆ ಬೆಳಗ್ಗೆ ಟೈಪ್ ಮಾಡಿದ ಹದಿನಾಲ್ಕು ಸಾಲುಗಳಿವೆ. ಕೊನೆಯವು ಅವರದೇ ಮಾತಿನಲ್ಲಿ ಹೀಗಿವೆ: ಹತ್ತೂ ಇಪ್ಪತ್ತಕ್ಕೆ, ಒತ್ತಡ ಏರುತ್ತಿದೆ, ನಿಲ್ಲಿಸಲೇ ಎಂದು ಮ್ಯಾನೇಜರನ್ನು ಕೇಳಿದೆ. ಹತ್ತೂವರೆಗೆ, ನಡೆಸು ಅಂದರು. ಹತ್ತೂ ನಲವತ್ತಕ್ಕೆ, ಉಳಿದವರನ್ನೆಲ್ಲ ಹೊರಗೆ ಕಳಿಸಿದೆ. ಆಮೇಲೆ ಏನೂ ಇಲ್ಲ.

ಪೆಟ್ಟಿಗೆ, ಆ ಸಾಲುಗಳ ಅಚ್ಚು, ನನ್ನ ಸುಳ್ಳು ಸಹಿಯ ಪ್ರತಿ, ಮೂರನ್ನೂ ಇದರೊಂದಿಗೆ ಇಟ್ಟಿದ್ದೇನೆ. ವಕೀಲರಿಗೆ ಕೊಡು. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಮೊದಲು ಫೋಟೋವನ್ನು ಗೋಡೆಗೆ ಹಾಕು.

ನಿನ್ನ
ಅಕ್ಕ

ತಾ.ಕ.: ಪೆಟ್ಟಿಗೆ ಯಾವಾಗ ಸಿಕ್ಕಿತೆಂದು ವಕೀಲರು ಕೇಳುತ್ತಾರೆ. ಬಾಯ್ಲರ್ ಒಡೆದ ಮೂರನೆಯ ದಿನವೇ ಸಿಕ್ಕಿತು. ಹನ್ನೊಂದು ತಿಂಗಳಿಂದ ನನ್ನ ಬೀರುವಿನಲ್ಲಿತ್ತು. ಅವರು ನಿದ್ದೆ ಹೋಗಬಾರದಿತ್ತು ಅಲ್ವಾ ಅಕ್ಕ ಎಂದು ನಮ್ಮ ಮನೆಗೆ ಬಂದು ಅತ್ತಿದ್ದೆಯಲ್ಲ, ಆ ದಿನ ನೀನು ಒರಗಿ ಕೂತಿದ್ದು ಅದೇ ಬೀರುವಿಗೆ. ನಾನು ಹೌದು ಅಂದಿದ್ದೆ.