ಇರಲಮ್ಮನ ಮನೆಯ ಕುರ್ಚಿ

ಅಕ್ಕಾ,

ಓದಲು ನೀನಿಲ್ಲ, ಗೊತ್ತು. ಆದರೆ ಇದನ್ನು ಇನ್ಯಾರಿಗೆ ಹೇಳಲಿ? ಏನನ್ನು ಎಸೆಯಹೋದರೂ ನಾನು ‘ಇರಲಿ’ ಎನ್ನುತ್ತೇನೆಂದು ನನಗೆ ಇರಲಮ್ಮ ಎಂದು ಹೆಸರಿಟ್ಟವಳು ನೀನೇ ತಾನೆ.

ಕೊನೆಗೂ ಇವತ್ತು ಮನೆ ಓರಣ ಮಾಡಿಕೊಡುವವರೊಬ್ಬರನ್ನು ಕರೆಸಿದೆ. ಬೈಯುತ್ತಾರೇನೋ ಎಂದು ಹೆದರಿದ್ದೆ. ಅವರು ಒಂದೊಂದು ಸಾಮಾನನ್ನೂ ನನ್ನ ಕೈಗೇ ಕೊಟ್ಟು, “ಇರಲಾ, ಹೋಗಲಾ? ನೀವೇ ಹೇಳ್ಬೇಕು, ನಾನು ಹೇಳೋ ಹಾಗಿಲ್ಲ,” ಎಂದು ಸುಮ್ಮನೆ ಕಾದರು. ಡಬ್ಬಿಯೇ ಇಲ್ಲದ ಮುಚ್ಚಳಗಳಿಗೆ ‘ಹೋಗಲಿ’ ಎನ್ನುವ ಮೊದಲು ಒಂದೊಂದನ್ನೂ ಮೂರು ಸಲ ತಿರುಗಿಸಿ ನೋಡಿದೆ. ಆಮೇಲೆ ಹಳೆ ಪೇಪರಿನ ರಾಶಿ ಹೋಯಿತು, ಕಡ್ಡಿ ಮುರಿದ ಛತ್ರಿಗಳೂ ಹೋದವು.

ಮಧ್ಯಾಹ್ನದ ಹೊತ್ತಿಗೆ ಕಿಟಕಿ ಪಕ್ಕದ ಬಟ್ಟೆಗುಡ್ಡೆಯ ಅಡಿಯಿಂದ ಬೆತ್ತದ ಕುರ್ಚಿ ಹೊರಬಂತು. ನೀನು ಬಂದಾಗಲೆಲ್ಲ ಕೂರಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು, “ಹೋಗಲಿ ಬಿಡೇ, ನಂಗೇನು ಕಾಲಿಲ್ವಾ?” ಎನ್ನುತ್ತಾ ಕಾಫಿ ಕುಡಿದು ಹೋಗುತ್ತಿದ್ದೆಯಲ್ಲ, ಆಗೆಲ್ಲ ಅದು ಅಲ್ಲೇ ಇತ್ತು.

ಅವರು ತುಂಬಿದ ಚೀಲವೊಂದನ್ನು ಅದರ ಮೇಲೆ ಇಡಹೋದರು. ನನ್ನ ಬಾಯಿ ಕೇಳಬೇಕಲ್ಲ.

“ಅಲ್ಲಿಡ್ಬೇಡಿ, ನಮ್ಮಕ್ಕ ಕೂತ್ಕೋಬೇಕು,” ಎಂದುಬಿಟ್ಟೆ.

“ಹೌದಾ? ಯಾವಾಗ ಬರ್ತಾರೆ?”

ನಾನು ಸೆರಗಿನಿಂದ ಕುರ್ಚಿಯ ಕೈ ಒರೆಸತೊಡಗಿದೆ. ಧೂಳು ಹೋದ ಮೇಲೂ ಒರೆಸುತ್ತಲೇ ಇದ್ದೆ. ಅವರು ನನ್ನ ಮುಖ ನೋಡಿದರು. ಚೀಲವನ್ನು ನೆಲದ ಮೇಲಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೆಳಗಿನಿಂದ ಒಮ್ಮೆಯೂ ಹೇಳದಿದ್ದ ಮಾತನ್ನು ಅವರೇ ಹೇಳಿದರು.

“ಇರಲಿ.”